ಅಳಿಸಿದರೂ ಮತ್ತೆ ಹತ್ತುವ ಚೆಕ್ ಇಂಜಿನ್ ಲೈಟ್: ನನ್ನ ಗಾಡಿಯಲ್ಲಿ ಆಗಿದ್ದು, ಮನೆಯವರ ಗಾಡಿಗಳಲ್ಲಿ ಆಗಿದ್ದು

ನಿಮ್ಮ ಪ್ರಶ್ನೆ ಓದಿದೆ. 2014ರ ಪೆಟ್ರೋಲ್ ಸೆಡಾನ್, 96,000 ಕಿಲೋಮೀಟರ್ ಓಡಿದೆ. ಚೆಕ್ ಇಂಜಿನ್ ಲೈಟ್ ಹತ್ತುತ್ತದೆ, ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಅಳಿಸುತ್ತಾರೆ, ವಾರದೊಳಗೆ ಮತ್ತೆ ಬರುತ್ತದೆ. ಪ್ರತಿ ಸಲವೂ ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಪಿ0171. ಈಗ ಆಕ್ಸಿಜನ್ ಸೆನ್ಸರ್ (ಸೈಲೆನ್ಸರ್ ಹೊಗೆಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ನೋಡುವುದು) ಬದಲಾಯಿಸೋಣ ಅಂತಿದ್ದಾರೆ, ಹಾಕಿಸಲಾ ಬೇಡವಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಬೇಡ. ಇದೇ ಕೋಡ್ ಹಿಡಿದುಕೊಂಡು ನಾನು ಎಂಟು ತಿಂಗಳು ಅಲೆದಿದ್ದೇನೆ. ದುಡ್ಡೂ ಹೋಯಿತು, ಶನಿವಾರಗಳೂ ಹೋದವು. ನಿಮಗೆ ಹಾಗಾಗುವುದು ಬೇಡ ಅಂತಲೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಮನೆಗೆ ಬರಬಹುದು. ಮಿಣುಕುತ್ತಿದ್ದರೆ ಮಾತ್ರ ಕಾಲು ಸಡಿಲ ಬಿಡಿ, ಜಾಗ ಸಿಕ್ಕ ಕಡೆ ನಿಲ್ಲಿಸಿ. ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಆ ಖರ್ಚಿನ ಮುಂದೆ ಸೆನ್ಸರ್ ಏನೂ ಅಲ್ಲ. ಕೆಂಪು ಆಯಿಲ್ ಲೈಟ್ ಬಂದರಂತೂ ಅಲ್ಲೇ ಇಂಜಿನ್ ಆಫ್ ಮಾಡಿ.

ನನ್ನದು 2013ರ ಕೊನೆಯ ಗಾಡಿ. ಜಯನಗರದಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಓಡಾಟ. ಲೈಟ್ ಬಂದಾಗಲೆಲ್ಲ ಪಿ0171. ಅಂದರೆ ಇಂಜಿನ್ನಿಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಮೊದಲ ಗ್ಯಾರೇಜಿನಲ್ಲಿ ಆಕ್ಸಿಜನ್ ಸೆನ್ಸರ್ ಹಾಕಿದರು, 4,800 ರೂಪಾಯಿ. ಹತ್ತು ದಿನಕ್ಕೆ ಲೈಟ್ ವಾಪಸ್. ಎರಡನೇ ಗ್ಯಾರೇಜಿನಲ್ಲಿ ಇಂಜೆಕ್ಟರ್ ಕ್ಲೀನ್ ಮಾಡಿಸಿದರು. ಮತ್ತೆ ವಾಪಸ್. ಈಗ ಯೋಚಿಸಿದರೆ ಬೇಜಾರಾಗುತ್ತದೆ. ಗಾಳಿ ಜಾಸ್ತಿ ಇದೆ ಅಂತ ಆ ಹಳೇ ಸೆನ್ಸರ್ ಸರಿಯಾಗಿಯೇ ಹೇಳುತ್ತಿತ್ತು. ಚೆನ್ನಾಗಿ ಕೆಲಸ ಮಾಡುತ್ತಿದ್ದುದನ್ನೇ ಬಿಚ್ಚಿ ಬಿಸಾಕಿದೆವು.

ದಾರಿ ತೋರಿಸಿದ್ದು ನಮ್ಮ ಏರಿಯಾದ ವಯಸ್ಸಾದ ಮೆಕ್ಯಾನಿಕ್ ಒಬ್ಬರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಲೈಟ್ ಬಂದಾಗ ಗಾಡಿ ಓಡ್ತಾ ಇತ್ತಾ, ನಿಂತಿತ್ತಾ?" ನನಗೆ ಗೊತ್ತಿರಲಿಲ್ಲ. ಆದರೆ ಗಾಡಿಗೆ ಗೊತ್ತಿತ್ತು. ಕೋಡ್ ಬಿದ್ದ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ಸ್ಪೀಡ್ ಎಷ್ಟು, ಕೂಲಂಟ್ ಎಷ್ಟು ಬಿಸಿ ಇತ್ತು ಎಲ್ಲವನ್ನೂ ಇಂಜಿನ್ ಕಂಪ್ಯೂಟರ್ ಬರೆದಿಟ್ಟುಕೊಳ್ಳುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. "ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿ, ಲೈಟ್ ಹೋಗುತ್ತೆ" ಅಂತ ಹತ್ತು ಜನ ಹೇಳುತ್ತಾರೆ. ಲೈಟ್ ಹೋಗುತ್ತದೆ, ನಿಜ. ಅದರ ಜೊತೆ ಸುಳಿವೂ ಹೋಗುತ್ತದೆ. ಎಂಟು ತಿಂಗಳು ನಾವು ಮಾಡಿದ್ದು ಅದೇ.

ಆಮೇಲೆ ನಾನೇ ಒಂದು ಬ್ಲೂಟೂತ್ ಒಬಿಡಿ ಅಡಾಪ್ಟರ್ (ಇಂಜಿನ್ ಕಂಪ್ಯೂಟರಿನ ಕೋಡ್ ಓದುವ ಸಾಧನ) ತೆಗೆದುಕೊಂಡೆ. ಸಾವಿರ ರೂಪಾಯಿ ಒಳಗೇ ಬಂತು. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ, ಅಲ್ಲಿಗೆ ಚುಚ್ಚಿ ಮೊಬೈಲಿನಲ್ಲಿ ನೋಡಬಹುದು. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಒಬಿಡಿ 2 ಕಡ್ಡಾಯವಾಗಿದೆ, ಹಾಗಾಗಿ ನಿಮ್ಮ ಗಾಡಿಯಲ್ಲೂ ಇದ್ದೇ ಇರುತ್ತದೆ. ಮುಂದೆ ಮೂರು ಸಲ ಲೈಟ್ ಬಂದಾಗ ಅಳಿಸುವ ಮೊದಲು ಬರೆದುಕೊಂಡೆ. ಮೂರು ಸಲವೂ ಸ್ಪೀಡ್ ಸೊನ್ನೆ. ಆರ್‌ಪಿಎಂ 800ರ ಆಸುಪಾಸು. ಇಂಜಿನ್ ಪೂರ್ತಿ ಬಿಸಿ. ಎಲ್ಲವೂ ಸಿಗ್ನಲ್ಲಿನಲ್ಲಿ ನಿಂತಾಗ! ಮೈಸೂರಿಗೆ ಹೋಗಿ ಬಂದಾಗ ಒಂದು ಸಲವೂ ಯಾಕೆ ಬರಲಿಲ್ಲ ಅನ್ನೋದು ಆಗ ಹೊಳೆಯಿತು.

ಇನ್ನೊಂದು ಅಂಕಿ ಮುಖ್ಯ, ಫ್ಯೂಯಲ್ ಟ್ರಿಮ್. ಲೆಕ್ಕಕ್ಕಿಂತ ಎಷ್ಟು ಪರ್ಸೆಂಟ್ ಜಾಸ್ತಿ ಅಥವಾ ಕಮ್ಮಿ ಪೆಟ್ರೋಲ್ ಬಿಡುತ್ತಿದ್ದೇನೆ ಅಂತ ಕಂಪ್ಯೂಟರ್ ಹೇಳುವುದು ಅದರಲ್ಲಿ. ಹತ್ತರ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನನ್ನದು ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ನೆ ಓಡುವಾಗ, ಲಾಂಗ್ ಟರ್ಮ್ ಟ್ರಿಮ್ (ಬಹಳ ಹೊತ್ತಿನ ಲೆಕ್ಕ) ಪ್ಲಸ್ 21 ತೋರಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದರೆ ಪ್ಲಸ್ 6ಕ್ಕೆ ಇಳಿಯುತ್ತಿತ್ತು. ಇದನ್ನು ಕೇಳಿದ ತಕ್ಷಣ ಮೆಕ್ಯಾನಿಕ್ "ಎಲ್ಲೋ ಗಾಳಿ ಎಳೀತಿದೆ" ಅಂದರು. ಐಡ್ಲಿಂಗಿನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ ಎಳೆತ ಜೋರು, ಒಳಗೆ ಹೋಗುವ ಗಾಳಿ ಕಮ್ಮಿ. ಸಣ್ಣ ಬಿರುಕಿದ್ದರೂ ಲೆಕ್ಕ ತಪ್ಪುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಗಾಳಿ ಹೇಗೂ ಜಾಸ್ತಿ ಹೋಗುತ್ತದೆ, ಆ ಸಣ್ಣ ಬಿರುಕು ಗಣನೆಗೇ ಬರುವುದಿಲ್ಲ. ನಿಮ್ಮದರಲ್ಲಿ ಉಲ್ಟಾ ಇದ್ದರೆ, ಅಂದರೆ ಜೋರಾಗಿ ಓಡಿಸುವಾಗ ಟ್ರಿಮ್ ಏರಿದರೆ, ಫ್ಯೂಯಲ್ ಫಿಲ್ಟರ್, ಫ್ಯೂಯಲ್ ಪಂಪ್ ಅಥವಾ ಕೊಳೆಯಾದ ಏರ್ ಫ್ಲೋ ಸೆನ್ಸರ್ (ಒಳಗೆ ಹೋಗುವ ಗಾಳಿ ಅಳೆಯುವುದು) ಕಡೆ ಹೋಗಿ.

ಸರಿ, ಬಿರುಕು ಎಲ್ಲಿದೆ? ಬಟ್ಟೆ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲನ್ನು ನಾನು ಮನೆಯಿಂದ ತಂದುಕೊಟ್ಟೆ. ಇಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು, ಪ್ಲಗ್, ಕಾಯಿಲ್, ವೈರಿಂಗ್ ಕಡೆ ಹೋಗದೆ, ಮೆಕ್ಯಾನಿಕ್ ಒಂದೊಂದೇ ಹೋಸ್ ಮೇಲೆ ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾ ಬಂದರು. ವಾಲ್ವ್ ಕವರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಬ್ರೀದರ್ ಹೋಸ್ ಹತ್ತಿರ ಬಂದಾಗ ಇಂಜಿನ್ ಸದ್ದು ಬದಲಾಯಿತು. ಕ್ಷಣ ತಡವರಿಸಿತು, ಮತ್ತೆ ಸರಿಹೋಯಿತು. ಮೇಲಿನಿಂದ ನೋಡಿದರೆ ಹೋಸ್ ಚೆನ್ನಾಗಿಯೇ ಇತ್ತು. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಹೋಸಿನ ಕೆಳಭಾಗಕ್ಕೆ ಬೆರಳು ಹಾಕಿದರೆ ಜಿಡ್ಡು ಜಿಡ್ಡು. ಮೆಲ್ಲಗೆ ಬಗ್ಗಿಸಿದಾಗ ತಿರುವಿನ ಒಳಗಡೆ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯಿತು. ಬಿಟ್ಟರೆ ಮುಚ್ಚಿಕೊಂಡಿತು. ಜೆಸಿ ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೊಸದು ನಾನೂರು ರೂಪಾಯಿಗೂ ಕಮ್ಮಿ. ಹಳೇದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಳತೆ ತಪ್ಪುವುದಿಲ್ಲ.

ಒಂದು ಎಚ್ಚರಿಕೆ. ನನ್ನ ಗಾಡಿಯಲ್ಲಿ ಏರ್ ಫ್ಲೋ ಸೆನ್ಸರ್ ಇದೆ. ಕೆಲವು ಗಾಡಿಗಳಲ್ಲಿ ಅದರ ಬದಲು ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವುದು) ಮಾತ್ರ ಇರುತ್ತದೆ. ಅಂಥದ್ದರಲ್ಲಿ ಇದೇ ಲೀಕ್ ಪಿ0171 ಕೊಡುವ ಬದಲು ಐಡಲ್ ಏರಿಸುವುದೇ ಜಾಸ್ತಿ. ನಿಮ್ಮದು ಅಂಥದ್ದಾದರೆ ಫ್ಯೂಯಲ್ ಪ್ರೆಷರ್ ನೋಡಿಸಿ. ಆಕ್ಸಿಜನ್ ಸೆನ್ಸರಿಗಿಂತ ಮೊದಲು ಸೈಲೆನ್ಸರ್ ಪೈಪಿನ ಗ್ಯಾಸ್ಕೆಟ್ ಲೀಕ್ ಇದೆಯಾ ಅಂತಲೂ ನೋಡಿಸಿ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿದರೂ ಸೆನ್ಸರಿಗೆ ಗಾಳಿ ಜಾಸ್ತಿ ಅಂತಲೇ ಕಾಣುತ್ತದೆ.

ಬಂಕಿನಲ್ಲಿ ಈಗ ಸಿಗುವ ಇ20 ಪೆಟ್ರೋಲಿನಿಂದ (20 ಪರ್ಸೆಂಟ್ ಎಥೆನಾಲ್ ಬೆರೆಸಿದ್ದು) ಹೀಗಾಗುತ್ತಾ ಅಂತಲೂ ಕೇಳಿದ್ದೀರಿ. ಎಥೆನಾಲ್‌ನಲ್ಲೇ ಆಕ್ಸಿಜನ್ ಇದೆ. ಒಂದು ಕೆಜಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥೆನಾಲಿಗೆ ಸುಮಾರು 9 ಸಾಕು. ಹಾಗಾಗಿ ಹಳೇ ಗಾಡಿಗಳ ಟ್ರಿಮ್ ಸ್ವಲ್ಪ ಮೇಲೇರುತ್ತದೆ. ನನ್ನ ಅಭಿಪ್ರಾಯದಲ್ಲಿ ಎಲ್ಲ ಸರಿಯಿರುವ ಗಾಡಿಯಲ್ಲಿ ಅದೊಂದರಿಂದಲೇ ಲೈಟ್ ಬರುವುದು ಕಷ್ಟ. ಮೊದಲೇ ಸಣ್ಣ ಲೀಕ್ ಇದ್ದರೆ ಮಾತ್ರ ಎರಡೂ ಸೇರಿ ಗೆರೆ ದಾಟುತ್ತದೆ. ಪೆಟ್ರೋಲನ್ನು ದೂರಿ ಸುಮ್ಮನಾಗಬೇಡಿ.

ನಮ್ಮ ಭಾವನ ಗಾಡಿಯದು ಬೇರೆ ಕಥೆ. ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಮಾಗಡಿ ರೋಡಿನಲ್ಲಿ ಲೈಟ್ ಮಿಣುಕಿತು, ಗಾಡಿ ಜರ್ಕ್ ಹೊಡೆಯಿತು. ಕೋಡ್ ಪಿ0302, ಅಂದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಎರಡನೆಯದರ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವುದು) ತೆಗೆದು ಮೂರಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿದರು. ಕೋಡ್ ಪಿ0303 ಆಯಿತು. ಕಾಯಿಲೇ ಹಾಳು ಅಂತ ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಯಿತು. ಪ್ಲಗ್ ಗುಂಡಿಯಲ್ಲಿ ನೀರು ನಿಂತಿತ್ತು. ಬಾನೆಟ್ ಒಳಗೆ ಪ್ರೆಷರ್ ನೀರು ಹೊಡೆಯಬೇಡಿ ಅಂತ ಹೇಳಿಯೇ ಗಾಡಿ ಬಿಡಿ.

ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಇಲಿ ಕಾಟ ಬೇರೆ. ಪಕ್ಕದ ಮನೆಯವರಿಗೆ ಹಂಪ್ ಹಾರಿಸಿದಾಗ ಮಾತ್ರ ಪಿ0135 ಬರುತ್ತಿತ್ತು. ಆಕ್ಸಿಜನ್ ಸೆನ್ಸರಿನ ಹೀಟರ್ ವೈರನ್ನು ಇಲಿ ಕಡಿದು ಎರಡು ಎಳೆ ಮಾತ್ರ ಉಳಿದಿದ್ದವು. ಬೆಸುಗೆ ಹಾಕಿ ಸ್ಲೀವ್ ಏರಿಸಿದರು, ಮುಗಿಯಿತು. ಡೀಸೆಲ್ ಗಾಡಿಯವರು ಓದುತ್ತಿದ್ದರೆ, ಸಿಟಿ ಟ್ರಾಫಿಕ್ಕಿನಲ್ಲೇ ಓಡುವ ಗಾಡಿಯಲ್ಲಿ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವುದು) ಮಸಿ ಹಿಡಿದಿದೆಯಾ ಅಂತ ಮೊದಲು ನೋಡಿಸಿ.

ರಿಪೇರಿ ಆದ ಮೇಲೆ ಅಳಿಸಲೇಬೇಕು ಅಂತಿಲ್ಲ. ದೋಷ ನಿಜವಾಗಿ ಹೋಗಿದ್ದರೆ ಸಾಮಾನ್ಯವಾಗಿ ಮೂರು ಡ್ರೈವ್ ಸೈಕಲ್ (ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಒಂದು ಸುತ್ತು) ಆದ ಮೇಲೆ ಲೈಟ್ ತಾನೇ ಆರುತ್ತದೆ. ನನ್ನದು ಬುಧವಾರ ಸಂಜೆ ಹೊಸೂರು ರೋಡಿನಲ್ಲಿ ಬರುವಾಗ ಆರಿತು. ಆಮೇಲೆ ಒಂದೂವರೆ ವರ್ಷದಿಂದ ಬಂದಿಲ್ಲ.

ಮುಂದಿನ ಸಲ ಲೈಟ್ ಬಂದಾಗ ಫ್ರೀಜ್ ಫ್ರೇಮಿನ ಸ್ಪೀಡ್, ಆರ್‌ಪಿಎಂ, ಕೂಲಂಟ್ ಬಿಸಿ ಬರೆದುಕೊಳ್ಳಿ. ಐಡ್ಲಿಂಗಿನಲ್ಲೂ 2,500ರಲ್ಲೂ ಟ್ರಿಮ್ ಎಷ್ಟು ಅಂತ ನೋಡಿ ಇಲ್ಲಿ ಹಾಕಿ. ಏರ್ ಫ್ಲೋ ಸೆನ್ಸರ್ ಇದೆಯಾ ಅಂತಲೂ ತಿಳಿಸಿ, ಒಟ್ಟಿಗೆ ಕೂತು ನೋಡೋಣ.