ಹೋದ ವರ್ಷದ ಸುಣ್ಣ ಬೋರ್ಡೋಗೆ ಆಗುತ್ತಾ?

ಪ್ರಶ್ನೆ (ತೀರ್ಥಹಳ್ಳಿ): ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಗೆಂದು (ತಾಮ್ರದ ಉಪ್ಪಾದ ಮೈಲುತುತ್ತ ಮತ್ತು ಸುಣ್ಣ ಕಲಸಿದ ದ್ರಾವಣ) ಹೋದ ವರ್ಷ ತಂದ ಸುಣ್ಣದ ಪುಡಿ ಅರ್ಧ ಮೂಟೆ ಉಳಿದಿದೆ. ಬಾಯಿ ಕಟ್ಟಿರಲಿಲ್ಲ. ನೋಡೋಕೆ ಬೆಳ್ಳಗೇ ಇದೆ. ಮುಂದಿನ ವಾರ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಬರುತ್ತಾನೆ. ಇದನ್ನೇ ಬಳಸಬಹುದಾ?

ಶಿರಸಿ: ಬೇಡ ಮಾರಾಯ್ರೆ. ನಾನು ಅದೇ ಮಾಡಿ ಕೆಟ್ಟವನು. ಅಳತೆ ಸರಿಯಾಗೇ ಇತ್ತು: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಆದರೆ ಹಳೇ ಸುಣ್ಣಕ್ಕೆ ತುತ್ತದ ಹುಳಿ ಮುರಿಯುವ ಶಕ್ತಿ ಇರಲಿಲ್ಲ. ಎಳೆಗಾಯಿ ಸುಟ್ಟು ಉದುರಿತು. ಈಗ ಔಷಧಿ ಕಲಸಿದ ಮೇಲೆ ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ನೋಡದೆ ಹೊಡೆಸುವುದಿಲ್ಲ. ಚಾಕುವಿಗೆ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು ಎಂದರ್ಥ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ, ತಿರುಗಾಮುರುಗಾ ಬೇಡ. ಪ್ಲಾಸ್ಟಿಕ್ ಡ್ರಮ್ಮೇ ಒಳ್ಳೆಯದು.

ಮಂಡ್ಯ: ನಾನು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದವನು. ಕಬ್ಬಿನ ಹಾಲಿನ ಹುಳಿ ಮುರಿದು ಕಶ್ಮಲ ಕೂರಿಸಲು ನಾವೂ ಸುಣ್ಣದ ನೀರೇ ಬಿಡುತ್ತಿದ್ದೆವು. ಹೀಗಾಗಿ ಮೂಟೆ ಹಳಸುವುದು ನಮಗೂ ತಲೆನೋವೇ. ಕಾರಣ ಸರಳ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, 100 ಕೆಜಿ ಶುದ್ಧ ಕಲ್ಲಿಗೆ 56 ಕೆಜಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅರಳುತ್ತದೆ. ಅರಳಿದ್ದನ್ನು ತೆರೆದಿಟ್ಟರೆ ಗಾಳಿಯಿಂದ ಅದೇ ಅನಿಲ ಹೀರಿ ಮತ್ತೆ ಕಲ್ಲೇ ಆಗುತ್ತದೆ! ಗೋಡೆಗೆ ಬಳಿದಾಗ ನಮಗೆ ಬೇಕಾದದ್ದೂ ಅದೇ. ಮೂಟೆಯೊಳಗೆ ಆದರೆ ನಷ್ಟ. ಒಂದು ಚಮಚ ಪುಡಿಗೆ ನಿಂಬೆರಸ ಹಿಂಡಿ. ಜೋರಾಗಿ ನೊರೆ ಬಂದರೆ ಅದು ಕಲ್ಲಿನ ಪುಡಿ. ಒಂಚೂರು ಗುಳ್ಳೆ ಬಂದರೆ ಹೆದರಬೇಡಿ.

ಕೊಪ್ಪ: ಹೊಸದಾಗಿ ಸುಟ್ಟ ಸುಣ್ಣ ತಂದರೆ ಹುಷಾರು. ದೊಡ್ಡ ಬಾನಿಯ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ, ಕುದಿಯುತ್ತದೆ. ನಮ್ಮ ಭಾವನ ಕಣ್ಣಿಗೆ ಸಿಡಿದು ಆಸ್ಪತ್ರೆ ಸೇರಬೇಕಾಯಿತು. ಕನ್ನಡಕ ಹಾಕಿಕೊಳ್ಳಿ. ಅಂದಹಾಗೆ, ಕೃಷಿ ವಿಜ್ಞಾನಿ ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನದಲ್ಲಿ ಕೊಳೆಗೆ ಬೋರ್ಡೋ ಹೇಳಿಕೊಟ್ಟು ನೂರು ವರ್ಷ ದಾಟಿತು. ನಾವಿನ್ನೂ ಸುಣ್ಣದ ಮೂಟೆ ಕಟ್ಟಿಡೋದು ಕಲಿತಿಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು: ಈಗಷ್ಟೇ ನಿಂಬೆ ಹಿಂಡಿದೆ. ಸೋಡಾ ಥರ ಬುಸ್ ಅಂತು. ಸುಮ್ನೆ ಎಸೆಯೋದಾ?

ಶಿರಸಿ: ಛೆ, ಎಸೀಬೇಡಿ! ನಮ್ಮ ಮಲೆನಾಡಿನ ಮಣ್ಣು ಹುಳಿ. ಅದನ್ನು ತಗ್ಗಿಸೋಕೆ ಕಲ್ಲಿನ ಪುಡಿಯೂ ಸಾಕು, ನಿಧಾನ ಅಷ್ಟೇ. ಮಣ್ಣು ಪರೀಕ್ಷೆಯ ಚೀಟಿ ನೋಡಿ ಮರದ ಬುಡಕ್ಕೆ ಹಾಕಿ. ಯೂರಿಯಾ ಜೊತೆಗೆ ಮಾತ್ರ ಬೇಡ, ಸಾರಜನಕ ಗಾಳಿಗೆ ಹೋಗುತ್ತದೆ.