ಅಪ್‌ಡೇಟ್: ‘ಏನೂ ಇಲ್ಲ’ ಅಂದ ಗಂಟಿಗೆ ಎರಡನೇ ಅಭಿಪ್ರಾಯ

ಡಾಕ್ಟರೊಬ್ಬರು ನನ್ನ ಸ್ತನದ ಗಂಟನ್ನು ಮುಟ್ಟಿ ನೋಡಿ ‘ಏನೂ ಇಲ್ಲ’ ಎಂದು ಕಳಿಸಿದ್ದರು, ಮುಂದೇನು ಅಂತ ಇಲ್ಲಿ ಕೇಳಿದ್ದೆ. ಬೇರೆ ಡಾಕ್ಟರಿಗೆ ತೋರಿಸಿದೆ. ಈ ಸಲ ವಿವರ ಬರೆದುಕೊಂಡು ಹೋಗಿದ್ದರಿಂದ ಕಿವಿಗೊಟ್ಟರು: ಯಾವ ಕಡೆ, ಸ್ತನವನ್ನು ಗಡಿಯಾರ ಅಂದುಕೊಂಡರೆ ಎಷ್ಟು ಗಂಟೆಯ ಜಾಗ, ತೊಟ್ಟಿನಿಂದ ಎಷ್ಟು ಸೆಂ.ಮೀ., ಮುಟ್ಟು ಮುಗಿದ ಮೇಲೂ ಉಳಿದಿದೆಯೇ.

ಸ್ಕ್ಯಾನ್‌ಗೆ ಮುಂಚೆ ಗಂಟಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಸಿ, ರಿಪೋರ್ಟ್‌ನಲ್ಲಿ ಅದೇ ಜಾಗ ಇದೆಯೇ ನೋಡಿ. ಬೇರೆಲ್ಲೋ ಇರುವ ಸಿಸ್ಟ್ (ನೀರು ತುಂಬಿದ ಗುಳ್ಳೆ) ಬರೆದು ಮುಗಿಸಿಬಿಡುವುದೂ ಉಂಟು! ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ನಾರ್ಮಲ್ ಬಂದರೂ ಕೈಗೆ ಸಿಗುವ ಗಂಟಿಗೆ ಅಲ್ಟ್ರಾಸೌಂಡ್ ಕೇಳಿ. ಸ್ತನದ ಅಂಗಾಂಶ ದಟ್ಟವಾಗಿದ್ದರೆ ಮ್ಯಾಮೊಗ್ರಾಮ್‌ನಲ್ಲಿ ಗಂಟು ಮರೆಯಾಗಬಹುದು. ರಿಪೋರ್ಟ್‌ನಲ್ಲಿ ಬೈರಾಡ್ಸ್ (ಕ್ಯಾನ್ಸರ್ ಅನುಮಾನ ಎಷ್ಟೆಂದು ಹೇಳುವ ಅಂಕಿ) 3 ಇದ್ದರೆ ಸಾಮಾನ್ಯವಾಗಿ 6 ತಿಂಗಳಿಗೆ ಮರುಸ್ಕ್ಯಾನ್. 4, 5 ಬಂದರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ). ನನ್ನದು 3. ಅಷ್ಟರೊಳಗೆ ದೊಡ್ಡದಾದರೆ ಕಾಯದೆ ಬರಬೇಕಂತೆ.