ಅಪ್‌ಡೇಟ್: ಸ್ಪೀಕರ್ ಬದಲಿಸಲಿಲ್ಲ, ಹಾಲ್ ಬದಲಿಸಿದೆ

ಉಡುಪಿಯ ನಮ್ಮ ಫ್ಲ್ಯಾಟಿನಲ್ಲಿ ಯಕ್ಷಗಾನ ಹಾಕಿದರೆ ಚೆಂಡೆ ಕಿವಿಗೆ ಚುಚ್ಚುತ್ತದೆ, ಭಾಗವತರ ಪದ ತಿಳಿಯುವುದಿಲ್ಲ, ಹೊಸ ಸ್ಪೀಕರ್ ಬೇಕಾ ಎಂದು ಕೇಳಿದ್ದೆ. ಮೊದಲು ಕೋಣೆ ನೋಡಿ ಅಂದಿರಿ.

ಟೈಲ್ಸ್ ನೆಲ, ಬೋಳು ಗೋಡೆ, ದೊಡ್ಡ ಗಾಜಿನ ಕಿಟಕಿ. ಚಪ್ಪಾಳೆ ತಟ್ಟಿದರೆ ಟರ್ರ್ ಎಂದು ಮರುದನಿ. ಈಗ ನೆಲಕ್ಕೆ ದಪ್ಪ ಕಾರ್ಪೆಟ್, ಕಿಟಕಿಗೆ ನೆರಿಗೆ ಜಾಸ್ತಿ ಇರುವ ಪರದೆ ಬಂದಿದೆ. ಸ್ಪೀಕರಿನ ಸದ್ದು ಪಕ್ಕದ ಗೋಡೆಗೆ ಎಲ್ಲಿ ಬಡಿದು ಕಿವಿಗೆ ಬರುತ್ತದೆ ಎಂದು ಹುಡುಕಲು ಆ ಗೋಡೆಯ ಮೇಲೆ ಕನ್ನಡಿ ಸರಿಸುತ್ತಾ ಹೋದೆವು. ಕೂತಲ್ಲಿಂದ ಸ್ಪೀಕರ್ ಕನ್ನಡಿಯಲ್ಲಿ ಕಂಡ ಜಾಗದಲ್ಲೇ ಪುಸ್ತಕದ ಕಪಾಟು ಇಟ್ಟೆವು. ಟರ್ರ್ ಹೋಯಿತು, ಪದ ಸ್ಪಷ್ಟವಾಯಿತು.

ಬೇಸ್‌ನ (ತೀರಾ ಕೆಳಗಿನ ಸ್ವರದ ಸದ್ದಿನ) ಗುಂಯ್ ಮಾತ್ರ ಇದಕ್ಕೆಲ್ಲ ಬಗ್ಗಲಿಲ್ಲ. 100 ಹರ್ಟ್ಸ್ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ, ಪರದೆ ಅದನ್ನೇನು ತಡೆಯುತ್ತದೆ! ಸ್ಪೀಕರ್‌ಗಳನ್ನು ಮೂಲೆಯಿಂದ ಈಚೆ ಎಳೆದ ಮೇಲೆ ಅದೂ ತಗ್ಗಿತು. (ಮನೆಯವರು ಎಡವುತ್ತಾರೆ, ಅದು ಬೇರೆ ಮಾತು.) ಮೊಟ್ಟೆ ಟ್ರೇ ಅಂಟಿಸಿ ಎಂದವರೇ, ಕ್ಷಮಿಸಿ. ಆ ತೆಳು ರಟ್ಟು ಬೇಸ್ ಹೀರುವುದಿಲ್ಲ, ಸುಮ್ನೆ ಧೂಳು ಕೂರುತ್ತದೆ.

ಇನ್ನು ಮಳೆಗಾಲ. ನಮ್ಮೂರ ತೇವಕ್ಕೆ ಕಾರ್ಪೆಟ್ ಬೂಷ್ಟು ಹಿಡಿಯುತ್ತದೆ, ಅಲ್ವಾ? ಬೇಗ ಒಣಗುವ ದಪ್ಪನೆಯದು ಯಾರಾದರೂ ಬಳಸಿದ್ದರೆ ಹೇಳಿ.